‘ನಾಯಿ ಚೆನ್ನಾಗಿದೆ, ಆದರೆ ಟೈಪ್ ಸಾಲದು’ ಅಂದರೆ ಏನರ್ಥ?

ಕಪ್ಪುಮೂಗು

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ನನ್ನ ಹೆಣ್ಣು ಲ್ಯಾಬ್ರಡಾರ್ (ಲ್ಯಾಬ್) ಮಲ್ಲಿಯನ್ನು ಡಾಗ್ ಶೋಗೆ ಕರೆದುಕೊಂಡು ಹೋಗಿದ್ದೆ. ಹಳದಿ ಬಣ್ಣ, ಮೂರು ವರ್ಷ. ಜಡ್ಜ್ ಹಲ್ಲು ನೋಡಿದರು, ಮೈಮೇಲೆಲ್ಲ ಕೈಯಾಡಿಸಿದರು, ಓಡಿಸಿ ನೋಡಿದರು. ಐದು ನಾಯಿಗಳಲ್ಲಿ ನಾಲ್ಕನೇ ಸ್ಥಾನ ಸಿಕ್ಕಿತು. ಕೊಟ್ಟ ಚೀಟಿಯಲ್ಲಿ ಎರಡೇ ಸಾಲು ಇತ್ತು. ‘ನಡಿಗೆ ತುಂಬಾ ಚೆನ್ನಾಗಿದೆ, ಮೈಕಟ್ಟು ಗಟ್ಟಿ. ಟೈಪ್ ಸಾಲದು.’

ಮೊದಲ ಸ್ಥಾನ ಬಂದ ನಾಯಿ ಓಡುವಾಗ ಹಿಂಗಾಲು ಸ್ವಲ್ಪ ಒಳಕ್ಕೆ ತಿರುಗುತ್ತಿತ್ತು. ನಾನೇ ಕಣ್ಣಾರೆ ನೋಡಿದೆ. ಹಾಗಿದ್ದರೆ ಟೈಪ್ ಅಂದರೆ ಏನು? ಬರೀ ಮುಖ ಚೆಂದ ಇರುವುದಾ? ಮುಂದಿನ ಹೀಟ್‌ನಲ್ಲಿ (ಬೆದೆಗೆ ಬಂದಾಗ) ಮಲ್ಲಿಗೆ ಮೇಟಿಂಗ್ ಮಾಡಿಸಬೇಕು ಅಂತಿದ್ದೆ. ಈಗ ಅದೂ ಗೊಂದಲ ಆಗಿದೆ. ತಿಳಿದವರು ಹೇಳಿ.

ಮೊದಲಮರಿ

ನನಗೂ ಇದೇ ಪ್ರಶ್ನೆ. ದೊಡ್ಡ ತಲೆ, ದಪ್ಪ ಎಲುಬು ಇದ್ದರೆ ಅದೇ ಟೈಪ್ ಅಂದುಕೊಂಡಿದ್ದೆ. ಮರಿ ಮಾರುವವರೆಲ್ಲ ಅದನ್ನೇ ಹೇಳುತ್ತಾರೆ.

ಹಳೆಯಲ್ಯಾಬ್

ಕಪ್ಪುಮೂಗು ಅವರೇ, ಬೇಜಾರು ಮಾಡಿಕೊಳ್ಳಬೇಡಿ. ಆ ಎರಡು ಸಾಲಿನಲ್ಲಿ ಜಡ್ಜ್ ಎರಡು ಬೇರೆ ಬೇರೆ ವಿಷಯ ಹೇಳಿದ್ದಾರೆ. ಮೊದಲನೇ ಸಾಲಿನ ಪ್ರಕಾರ ಮಲ್ಲಿ ಒಳ್ಳೆಯ ನಾಯಿ. ಎರಡನೇ ಸಾಲಿನ ಪ್ರಕಾರ ಅವಳನ್ನು ನೋಡಿದ ತಕ್ಷಣ ‘ಇದು ಲ್ಯಾಬ್ರಡಾರ್’ ಅನ್ನುವ ಮಾತು ಬಾಯಿಗೆ ಬರುವುದಿಲ್ಲ.

ಗಟ್ಟಿ ಕಾಲು, ನೇರ ನಡಿಗೆ ಎಲ್ಲ ತಳಿಗೂ ಬೇಕು. ಬೀದಿನಾಯಿಯ ನಡಿಗೆ ಎಷ್ಟೋ ಸಲ ಚಾಂಪಿಯನ್ ನಾಯಿಯ ನಡಿಗೆಗಿಂತ ಚೆನ್ನಾಗಿರುತ್ತದೆ. ಆದರೆ ನಡಿಗೆಯೊಂದನ್ನೇ ನೋಡಿ ಅದು ಯಾವ ತಳಿ ಅಂತ ಹೇಳಲು ಆಗುವುದಿಲ್ಲ. ತಳಿಯನ್ನು ಗುರುತಿಸಿಕೊಡುವ ಗುಣಗಳೆಲ್ಲ ಒಟ್ಟಿಗೆ ಸೇರಿದಾಗ ಅದಕ್ಕೆ ಟೈಪ್ ಅನ್ನುತ್ತೇವೆ.

ಒಂದು ಕೆಲಸ ಮಾಡಿ. ಸಂಜೆ ಹೊತ್ತು ನಾಯಿಯನ್ನು ಅಡ್ಡಲಾಗಿ ನಿಲ್ಲಿಸಿ. ಬೆಳಕು ಅದರ ಹಿಂದೆ ಇರಲಿ. ನೀವು ಹತ್ತು ಹೆಜ್ಜೆ ದೂರ ಹೋಗಿ ನೋಡಿ. ಬಣ್ಣ ಕಾಣುವುದಿಲ್ಲ, ಕಣ್ಣು ಕಾಣುವುದಿಲ್ಲ, ಬರೀ ಕಪ್ಪು ಆಕಾರ. ಆ ಆಕಾರ ಏನು ಹೇಳುತ್ತದೆ? ಲ್ಯಾಬ್ ಆದರೆ ಉದ್ದಕ್ಕೂ ಎತ್ತರಕ್ಕೂ ಹೆಚ್ಚು ವ್ಯತ್ಯಾಸ ಇರಬಾರದು. ಎದೆ ಆಳವಾಗಿರಬೇಕು. ಸೊಂಟ ಗಿಡ್ಡ, ಅಗಲ. ಬಾಲ ಬುಡದಲ್ಲಿ ದಪ್ಪ ಇದ್ದು, ಬೆನ್ನಿನ ಗೆರೆಯೇ ಹಾಗೆ ಮುಂದುವರಿದ ಹಾಗೆ ಕಾಣಬೇಕು. ಇವೆಲ್ಲ ಕಂಡರೆ ಅರ್ಧ ಉತ್ತರ ಸಿಕ್ಕಿತು. ತಲೆಯ ಮಾತು ಆಮೇಲೆ.

ಇನ್ನು ಇವೆಲ್ಲ ಎಲ್ಲಿಂದ ಬಂತು? ಲ್ಯಾಬ್ರಡಾರ್ ಅಂತ ಹೆಸರಿದ್ದರೂ ಈ ನಾಯಿಯ ಮೂಲ ಪಕ್ಕದ ನ್ಯೂಫೌಂಡ್‌ಲ್ಯಾಂಡ್ ದ್ವೀಪ. ಅಲ್ಲಿನ ಮೀನುಗಾರರ ಜೊತೆ ಕೊರೆಯುವ ನೀರಿನಲ್ಲಿ ಕೆಲಸ ಮಾಡುತ್ತಿದ್ದ ಸೇಂಟ್ ಜಾನ್ಸ್ ನಾಯಿಗಳು ಇವುಗಳ ಪೂರ್ವಜರು. 19ನೇ ಶತಮಾನದಲ್ಲಿ ಹಡಗುಗಳ ಜೊತೆ ಇಂಗ್ಲೆಂಡಿನ ಪೂಲ್ ಬಂದರಿಗೆ ಬಂದವು. ಅಲ್ಲಿ ಮಾಮ್ಸ್‌ಬರಿ ಮನೆತನದವರು ಇಟ್ಟುಕೊಂಡು ಸಾಕಿದರು. ಮೂರನೇ ಅರ್ಲ್ ಆಫ್ ಮಾಮ್ಸ್‌ಬರಿ 1887ರಲ್ಲಿ ಬರೆದ ಒಂದು ಪತ್ರದಲ್ಲಿ ನಿಜವಾದ ಲ್ಯಾಬ್ ಗುರುತಿಸುವುದು ಹೇಗೆ ಅಂತ ಹೇಳಿದ್ದಾರೆ. ಮೈಗಂಟಿದ, ಎಣ್ಣೆ ಸವರಿದ ಹಾಗೆ ನೀರನ್ನು ಜಾರಿಸುವ ಕೂದಲು ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ನೀರುನಾಯಿಯಂಥ ಬಾಲ. ನೋಡಿ, ಬ್ರಿಟನ್ನಿನ ಕೆನಲ್ ಕ್ಲಬ್ ಈ ತಳಿಯನ್ನು ಒಪ್ಪಿಕೊಂಡದ್ದು 1903ರಲ್ಲಿ. ಲ್ಯಾಬ್ರಡಾರ್ ಕ್ಲಬ್ ಹುಟ್ಟಿದ್ದು 1916ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಟೈಪ್ ಅಂದರೆ ಏನು ಅನ್ನುವುದು ಒಬ್ಬರ ಕೈಬರಹದಲ್ಲಿತ್ತು. ಆ ಮಾತಿನಲ್ಲಿ ತಲೆಯ ಸುದ್ದಿಯೇ ಇಲ್ಲ!

ಮೊದಲಮರಿ, ನಿಮ್ಮ ಪ್ರಶ್ನೆಗೂ ಇದೇ ಉತ್ತರ.

ರಿಂಗ್‌ಪಕ್ಕ

ನಾನು ಕೆಲವು ವರ್ಷಗಳಿಂದ ಜಡ್ಜಿಂಗ್ ಮಾಡುತ್ತಿದ್ದೇನೆ. ಹಳೆಯಲ್ಯಾಬ್ ಅಕ್ಕ ಹೇಳಿದ್ದಕ್ಕೆ ರಿಂಗ್ ಒಳಗಿನಿಂದ ಸ್ವಲ್ಪ ಸೇರಿಸುತ್ತೇನೆ.

ಲ್ಯಾಬ್ ತಳಿಯನ್ನು ಕಣ್ಣಿನಿಂದ ಅರ್ಧ, ಕೈಯಿಂದ ಅರ್ಧ ನೋಡಬೇಕು. ನಾಯಿ ನನ್ನ ಮುಂದೆ ನಿಂತಾಗ ಹೆಗಲ ಹತ್ತಿರ ಬೆರಳುಗಳನ್ನು ಕೂದಲಿನ ಒಳಗೆ ಹಿಮ್ಮುಖವಾಗಿ ತೂರಿಸುತ್ತೇನೆ. ಹೊರಗಿನ ಕೂದಲು ಅಂಗೈಗೆ ಸ್ವಲ್ಪ ಒರಟಾಗಿ ತಾಗಬೇಕು. ಅದರ ಕೆಳಗೆ ಬೆರಳ ತುದಿಗೆ ಮೆತ್ತಗಿನ, ಒತ್ತಾದ ಒಳಗೂದಲು ಸಿಗಬೇಕು. ಬೆರಳು ನೇರ ಚರ್ಮಕ್ಕೆ ಹೋಗಿ ತಾಗಿತು ಅಂದರೆ ಒಳಗೂದಲು ಇಲ್ಲ. ಆಮೇಲೆ ಬಾಲದ ಬುಡವನ್ನು ಮುಷ್ಟಿಯಲ್ಲಿ ಹಿಡಿಯುತ್ತೇನೆ. ಅಲ್ಲಿ ಕೈ ತುಂಬಬೇಕು. ತುದಿಯ ಕಡೆಗೆ ಕೈ ಜಾರಿಸಿಕೊಂಡು ಹೋದರೆ ನಿಧಾನಕ್ಕೆ ಸಣ್ಣ ಆಗುತ್ತಾ ಹೋಗಬೇಕು. ಸುತ್ತಲೂ ಗಿಡ್ಡ ಕೂದಲು ಒತ್ತಾಗಿ ಇರಬೇಕು, ಕೆಳಗೆ ಜಾಲರಿ ಇಳಿಬಿದ್ದ ಹಾಗೆ ಇರಬಾರದು. ಹಿಮ್ಮಡಿಯ ಕೀಲಿನಿಂದ ಕೆಳಗೆ ಹೋಗಬಾರದು. ನೀರಿನಲ್ಲಿ ತಿರುಗುವಾಗ ಇದೇ ಅದಕ್ಕೆ ಚುಕ್ಕಾಣಿ.

ತಲೆ ಮುಖ್ಯ ಅಲ್ಲ ಅಂತ ಅಲ್ಲ. ಬುರುಡೆ ಅಗಲ ಇರಬೇಕು, ಕಣ್ಣುಗಳ ನಡುವೆ ಹಣೆ ಮೂತಿಗೆ ಇಳಿಯುವ ಜಾಗದಲ್ಲಿ ಸ್ಟಾಪ್ ಸ್ಪಷ್ಟವಾಗಿ ಕಾಣಬೇಕು. ಫ್ಲಾಟ್‌ಕೋಟ್ ತಳಿಯ ತಲೆಯಲ್ಲಿ ಈ ಇಳಿತ ತೀರಾ ಕಡಿಮೆ, ತಲೆಯಿಂದ ಮೂತಿಯವರೆಗೆ ಒಂದೇ ತುಂಡಿನ ಹಾಗೆ ಕಾಣುತ್ತದೆ. ಲ್ಯಾಬ್‌ನಲ್ಲಿ ಅದು ಬಂದರೆ ಬೇರೆ ತಳಿ ನೋಡಿದ ಹಾಗಾಗುತ್ತದೆ. ಮೂತಿ ಚೂಪಾಗಿ ಇರಬಾರದು. ಹಕ್ಕಿಯನ್ನು ಬಾಯಲ್ಲಿ ಹಿಡಿದು ತರಬೇಕಾದ ನಾಯಿ ಇದು. ಕಿವಿ ಸ್ವಲ್ಪ ಹಿಂದಕ್ಕೆ ಕೂತು, ತಲೆಗೆ ಅಂಟಿ ಇಳಿಬಿದ್ದಿರಬೇಕು, ದೊಡ್ಡದಾಗಿ ಭಾರವಾಗಿ ಇರಬಾರದು. ಕೆನ್ನೆಯಲ್ಲಿ ಮಾಂಸ ತುಂಬಿಕೊಂಡಿರಬಾರದು.

ಇಷ್ಟೆಲ್ಲ ನೋಡಿ ಕೊನೆಗೆ ಕಣ್ಣನ್ನು ನೋಡುತ್ತೇನೆ. ಕಂದು ಬಣ್ಣ, ನೋಟದಲ್ಲಿ ಒಳ್ಳೆಯತನ. ಆ ನೋಟ ಇಲ್ಲದ ಲ್ಯಾಬ್‌ಗೆ ಉಳಿದದ್ದು ಎಷ್ಟೇ ಇದ್ದರೂ ನನಗೆ ಏನೋ ಕೊರತೆ ಅನ್ನಿಸುತ್ತದೆ. ಅಮೆರಿಕನ್ ಕೆನಲ್ ಕ್ಲಬ್‌ನ ಸ್ಟಾಂಡರ್ಡ್ (ತಳಿ ಹೇಗಿರಬೇಕು ಅನ್ನುವ ಲಿಖಿತ ವಿವರಣೆ) ಸ್ವಭಾವವನ್ನೂ ನೀರುನಾಯಿ ಬಾಲವನ್ನೂ ಸಮವಾಗಿ ಇಟ್ಟಿದೆ. ಎರಡೂ ಈ ತಳಿಯ ಗುರುತು. ಜನರ ಮೇಲೆ, ಬೇರೆ ನಾಯಿಗಳ ಮೇಲೆ ಎಗರುವ ಲ್ಯಾಬ್‌ಗೆ ಟೈಪ್ ಇಲ್ಲ ಅಂತಲೇ ನನ್ನ ಲೆಕ್ಕ.

ಕಪ್ಪುಮೂಗು

ರಿಂಗ್‌ಪಕ್ಕ ಸರ್, ತುಂಬಾ ಥ್ಯಾಂಕ್ಸ್. ಆದರೆ ಒಂದು ಕೇಳಲೇಬೇಕು. ಹಿಂಗಾಲು ತಿರುಗುವ ನಾಯಿಗೆ ನೀವು ಮೊದಲ ಸ್ಥಾನ ಕೊಡುತ್ತಿದ್ದಿರಾ?

ರಿಂಗ್‌ಪಕ್ಕ

ಆ ನಾಯಿಯನ್ನು ನಾನು ನೋಡಿಲ್ಲ, ಹಾಗಾಗಿ ಆ ತೀರ್ಪಿನ ಬಗ್ಗೆ ಮಾತಾಡುವುದಿಲ್ಲ. ನನ್ನ ಕ್ರಮ ಹೇಳುತ್ತೇನೆ. ಕುಂಟುವ ನಾಯಿ, ಸ್ವಭಾವ ಕೆಟ್ಟ ನಾಯಿ ಮೊದಲೇ ಹೊರಗೆ. ಉಳಿದವುಗಳಲ್ಲಿ ಟೈಪ್ ಇರುವ ನಾಯಿಗಳನ್ನು ಮನಸ್ಸಿನಲ್ಲೇ ಒಂದು ಕಡೆ ಇಡುತ್ತೇನೆ. ಆ ಗುಂಪಿನ ಒಳಗೆ ಮೈಕಟ್ಟು, ನಡಿಗೆ ಯಾವುದಕ್ಕೆ ಜಾಸ್ತಿ ಚೆನ್ನಾಗಿದೆಯೋ ಅದು ಮೇಲೆ ಬರುತ್ತದೆ. ಹಿಂಗಾಲು ಚೂರು ತಿರುಗುವುದು ಒಂದು ದೋಷ. ಕೋಟ್ (ಮೈಗೂದಲು) ಇಲ್ಲ, ಬಾಲ ಇಲ್ಲ, ತಲೆ ಇಲ್ಲ ಅಂದರೆ ಮೂರು ದೋಷ, ಅದೂ ತಳಿಯ ಬೇರಿನಲ್ಲೇ ಇರುವ ದೋಷ. ಗಟ್ಟಿ ಕಾಲಿನ ನಾಯಿ ಬೇಕು ಅಂದರೆ ಬೇರೆ ತಳಿಯಲ್ಲೂ ಸಿಗುತ್ತದೆ. ನೀರುನಾಯಿ ಬಾಲ ಬೇಕು ಅಂದರೆ ಲ್ಯಾಬ್ ಹತ್ತಿರವೇ ಬರಬೇಕು, ಅಲ್ವಾ?

ನೀರಾಟ

ನನಗೆ ಇಲ್ಲಿ ಸ್ವಲ್ಪ ಅಸಮಾಧಾನ ಇದೆ. ನಾನು ಲ್ಯಾಬ್‌ಗಳಿಗೆ ರಿಟ್ರೀವಿಂಗ್, ಅಂದರೆ ಬಿದ್ದ ಹಕ್ಕಿಯನ್ನು ಹುಡುಕಿ ತರುವುದನ್ನು ಕಲಿಸುತ್ತೇನೆ. ನೀವೆಲ್ಲ ಟೈಪ್ ಅಂತ ಹೇಳುವ ಶೋ ನಾಯಿಗಳು ಎಷ್ಟೋ ಸಲ ನನ್ನ ಬಳಿ ಬರುತ್ತವೆ. ಮೂರು ಸಲ ನೀರಿಗೆ ಇಳಿದರೆ ಏದುಸಿರು. ಕಾಲು ಗಿಡ್ಡ, ಎದೆ ಪೀಪಾಯಿ, ತೂಕ ಜಾಸ್ತಿ. ನನ್ನ ಫೀಲ್ಡ್ ಲೈನ್ (ಕೆಲಸಕ್ಕೆಂದೇ ಬೆಳೆಸಿದ ವಂಶದ) ನಾಯಿಗಳಿಗೆ ರಿಂಗ್‌ನಲ್ಲಿ ‘ಟೈಪ್ ಇಲ್ಲ’ ಅನ್ನುತ್ತಾರೆ. ಆದರೆ ಇಡೀ ಬೆಳಗ್ಗೆ ಕೆಲಸ ಮಾಡಿದರೂ ಅವುಗಳ ಕಣ್ಣಿನ ಮಿಂಚು ಕಮ್ಮಿ ಆಗುವುದಿಲ್ಲ. ತಳಿ ಹುಟ್ಟಿದ್ದೇ ಕೆಲಸಕ್ಕೆ ಅಂತ ಅಕ್ಕ ಹೇಳಿದರು. ಹಾಗಿದ್ದರೆ ಕೆಲಸ ಮಾಡುವ ನಾಯಿಗೇ ಟೈಪ್ ಇರಬೇಕು ತಾನೇ?

ಹಳೆಯಲ್ಯಾಬ್

ನೀರಾಟ, ನಿಮ್ಮ ಮಾತಿನಲ್ಲಿ ಅರ್ಧ ನಾನು ಪೂರ್ತಿ ಒಪ್ಪುತ್ತೇನೆ. ಗಿಡ್ಡ ಕಾಲಿನ, ಪೀಪಾಯಿಯಂಥ ಲ್ಯಾಬ್‌ಗೆ ಟೈಪ್ ಜಾಸ್ತಿ ಇದೆ ಅನ್ನುವುದು ದೊಡ್ಡ ತಪ್ಪು. ಅಮೆರಿಕದ ಸ್ಟಾಂಡರ್ಡ್ ಪ್ರಕಾರ ಮೊಣಕೈಯಿಂದ ನೆಲದವರೆಗಿನ ಅಳತೆ ಹೆಗಲ ಎತ್ತರದ ಅರ್ಧ ಇರಬೇಕು. ಟೇಪ್ ಹಿಡಿದು ಅಳೆದರೆ ಗೊತ್ತಾಗುತ್ತದೆ, ವಾದವೇ ಬೇಡ. ಎಫ್‌ಸಿಐ (ಕೆನಲ್ ಕ್ಲಬ್‌ಗಳ ಅಂತರರಾಷ್ಟ್ರೀಯ ಒಕ್ಕೂಟ) ಸ್ಟಾಂಡರ್ಡ್‌ನಲ್ಲಿ ಗಂಡಿಗೆ 56ರಿಂದ 57 ಸೆಂ.ಮೀ., ಹೆಣ್ಣಿಗೆ 54ರಿಂದ 56 ಸೆಂ.ಮೀ. ಎತ್ತರ. ಅಮೆರಿಕದಲ್ಲಿ ಇನ್ನೂ ಸ್ವಲ್ಪ ಎತ್ತರಕ್ಕೆ ಅವಕಾಶ ಇದೆ. ಯಾವ ಸ್ಟಾಂಡರ್ಡ್ ತೆಗೆದು ನೋಡಿದರೂ ‘ದಪ್ಪ ಇದ್ದಷ್ಟೂ ಒಳ್ಳೆಯದು’ ಅಂತ ಬರೆದಿಲ್ಲ.

ಇನ್ನರ್ಧ ಒಪ್ಪುವುದಿಲ್ಲ. ವೇಗಕ್ಕೋಸ್ಕರ ಮಾತ್ರ ಆರಿಸುತ್ತಾ ಹೋದ ಲೈನ್‌ಗಳಲ್ಲಿ ಏನಾಗಿದೆ ನೋಡಿ. ಬಾಲ ಚಾಟಿಯ ಹಾಗೆ ಸಣ್ಣ. ಒಳಗೂದಲು ತೆಳು. ಮೂತಿ ಚೂಪು. ನಾಯಿ ಚುರುಕು, ಬುದ್ಧಿವಂತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆಪ್ಪುಗಟ್ಟುವ ನೀರಿಗೆ ಹತ್ತು ಸಲ ಇಳಿಸಿದರೆ ಮೈ ಬೆಚ್ಚಗಿಡುವ ಕೋಟ್ ಅದಕ್ಕಿಲ್ಲ. ಶೋ ಕಡೆಯವರು ಭಾರದ ಕಡೆಗೆ ಎಳೆದರು, ಫೀಲ್ಡ್ ಕಡೆಯವರು ವೇಗದ ಕಡೆಗೆ ಎಳೆದರು. ನಡುವೆ ಇದ್ದ ನಾಯಿ ಸೊರಗಿತು. ನನಗೆ ನೋವಾಗುವುದು ಇದೇ.

ಮೊದಲು ಹೀಗಿರಲಿಲ್ಲ. 1915ರಲ್ಲಿ ಹುಟ್ಟಿದ ಬ್ಯಾಂಕರಿ ಬೋಲೋ ಈ ತಳಿಯ ಮೊದಲ ಡ್ಯುಯಲ್ ಚಾಂಪಿಯನ್. ಶೋ ರಿಂಗ್‌ನಲ್ಲೂ ಗೆದ್ದ, ಫೀಲ್ಡ್ ಟ್ರಯಲ್‌ನಲ್ಲೂ ಗೆದ್ದ. ಲಾರ್ನಾ ಅನ್ನುವ ಕೌಂಟೆಸ್ ಹೌ ಅವರ ನಾಯಿ. ಇವತ್ತಿಗೂ ಕಪ್ಪು ಲ್ಯಾಬ್ ಮರಿಯ ಪಾದದ ಹಿಂಭಾಗದಲ್ಲಿ ಪುಟ್ಟ ಬಿಳಿ ಗುರುತು ಕಂಡರೆ ‘ಬೋಲೋ ಪ್ಯಾಡ್’ ಅನ್ನುತ್ತಾರೆ. ನೂರು ವರ್ಷ ಆದಮೇಲೂ ಅವನ ಹೆಸರು ಮರಿಗಳ ಪಾದದಲ್ಲಿ ಉಳಿದಿದೆ. ಆದರೆ ಬ್ರಿಟನ್ನಿನಲ್ಲಿ ಡ್ಯುಯಲ್ ಚಾಂಪಿಯನ್ ಲ್ಯಾಬ್ ಕಾಣಿಸಿ ಎಷ್ಟೋ ದಶಕ ಆಯಿತು. ಅಲ್ಲಿ ಶೋನಲ್ಲಿ ಮಾತ್ರ ಗೆದ್ದ ಲ್ಯಾಬ್‌ಗೆ ‘ಶೋ ಚಾಂಪಿಯನ್’ ಅಂತಲೇ ಹೆಸರು. ಬರೀ ‘ಚಾಂಪಿಯನ್’ ಅನ್ನಿಸಿಕೊಳ್ಳಬೇಕು ಅಂದರೆ ಕೆಲಸದ ಪರೀಕ್ಷೆಯಲ್ಲೂ ಪಾಸಾಗಬೇಕು. ಆ ನಿಯಮ ನನಗೆ ತುಂಬಾ ಇಷ್ಟ.

ನೀರಾಟ

ಸರಿ ಅಕ್ಕ. ಬಾಲದ ಮಾತು ನಿಜ. ನನ್ನ ಎರಡು ನಾಯಿಗಳ ಬಾಲ ಈಗ ಹಿಡಿದು ನೋಡಿದೆ. ಒಂದರದ್ದು ಕೈ ತುಂಬಲಿಲ್ಲ. ಅದೇ ನಾಯಿ ತಣ್ಣೀರಿನಿಂದ ಹೊರಗೆ ಬಂದಮೇಲೆ ತುಂಬಾ ಹೊತ್ತು ನಡುಗುತ್ತದೆ. ಇಷ್ಟು ದಿನ ಅದು ಉತ್ಸಾಹಕ್ಕೆ ನಡುಗುವುದು ಅಂದುಕೊಂಡಿದ್ದೆ.

ಮೊದಲಮರಿ

ಹಾಗಾದರೆ ‘ಇಂಗ್ಲಿಷ್ ಲ್ಯಾಬ್’, ‘ಅಮೆರಿಕನ್ ಲ್ಯಾಬ್’ ಅನ್ನುವುದು ಎರಡು ಟೈಪ್ ಅಲ್ವಾ?

ರಿಂಗ್‌ಪಕ್ಕ

ಅಲ್ಲ. ತಳಿ ಒಂದೇ. ಅವು ಜನ ಆಡುವ ಮಾತಿನ ಹೆಸರುಗಳು. ಅದನ್ನು ಸ್ಟೈಲ್ ಅಂತ ಕರೆಯಬಹುದು. ಒಬ್ಬರ ಮನೆಯ ನಾಯಿಗಳು ಸ್ವಲ್ಪ ಎತ್ತರ, ಇನ್ನೊಬ್ಬರ ಮನೆಯವು ಸ್ವಲ್ಪ ತೋರ. ಎರಡೂ ಸ್ಟಾಂಡರ್ಡ್ ಒಳಗೆ ಇದ್ದರೆ ಎರಡಕ್ಕೂ ಟೈಪ್ ಇದೆ, ಸ್ಟೈಲ್ ಬೇರೆ. ಜಡ್ಜ್ ತನಗೆ ಇಷ್ಟವಾದ ಸ್ಟೈಲನ್ನೇ ಟೈಪ್ ಅಂದುಕೊಂಡರೆ ಅಲ್ಲಿಂದ ತೊಂದರೆ ಶುರು. ಸತತವಾಗಿ ಒಂದೇ ಥರದ ನಾಯಿ ಗೆದ್ದರೆ ಬ್ರೀಡರ್‌ಗಳು ಅದನ್ನೇ ಹಿಂಬಾಲಿಸುತ್ತಾರೆ. ಮುಂದಿನ ವರ್ಷ ಅದಕ್ಕಿಂತ ಒಂದು ಕೈ ಹೆಚ್ಚು. ಬ್ರಿಟನ್ನಿನ ಕೆನಲ್ ಕ್ಲಬ್ 2009ರಲ್ಲಿ ಎಲ್ಲ ತಳಿಗಳ ಸ್ಟಾಂಡರ್ಡ್‌ನ ಮೇಲ್ಗಡೆ ಒಂದು ಪ್ಯಾರಾ ಸೇರಿಸಿತು. ಯಾವ ಲಕ್ಷಣವನ್ನೂ ಅತಿ ಮಾಡಿ ನಾಯಿಯ ಆರೋಗ್ಯಕ್ಕೆ ಕುತ್ತು ತರಬೇಡಿ ಅಂತ ಅದರ ಸಾರ. ಜಡ್ಜಿಂಗ್‌ಗೆ ಹೋಗುವ ಮುಂಚೆ ಅದನ್ನು ನಾನು ಪ್ರತಿ ಸಲ ಓದಿಕೊಳ್ಳುತ್ತೇನೆ.

ವೆಟ್‌ಕಣ್ಣು

ತೂಕದ ವಿಷಯ ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಪಶುವೈದ್ಯ. ದಯವಿಟ್ಟು ಕೊಬ್ಬನ್ನು ಮೈಕಟ್ಟು ಅಂದುಕೊಳ್ಳಬೇಡಿ. ಪಕ್ಕೆಯ ಮೇಲೆ ಅಂಗೈ ಇಟ್ಟು ಹಗುರವಾಗಿ ಜಾರಿಸಿ. ಒತ್ತದೆಯೇ ಪಕ್ಕೆಲುಬು ಒಂದೊಂದಾಗಿ ಕೈಗೆ ಸಿಗಬೇಕು. ಹುಡುಕಬೇಕಾಗಿ ಬಂದರೆ ಅದು ಕೊಬ್ಬು.

48 ಲ್ಯಾಬ್ ಮರಿಗಳನ್ನು ಜೋಡಿ ಜೋಡಿಯಾಗಿ ಬೆಳೆಸಿ, ಸಾಯುವವರೆಗೂ ಗಮನಿಸಿದ ಒಂದು ಅಧ್ಯಯನ ಇದೆ. ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ 25 ಶೇಕಡಾ ಕಡಿಮೆ ಆಹಾರ. 2002ರಲ್ಲಿ ಫಲಿತಾಂಶ ಬಂತು. ಕಡಿಮೆ ತಿಂದ ನಾಯಿಗಳ ಮಧ್ಯಮ ಆಯುಸ್ಸು 13 ವರ್ಷ, ಜಾಸ್ತಿ ತಿಂದವುಗಳದ್ದು 11.2 ವರ್ಷ. ಕೀಲುನೋವು ಕೂಡ ತಡವಾಗಿ ಬಂತು. ಸುಮಾರು ಎರಡು ವರ್ಷ ಅಂದರೆ ನಾಯಿಯ ಬದುಕಿನಲ್ಲಿ ಎಷ್ಟು ದೊಡ್ಡದು ಯೋಚನೆ ಮಾಡಿ.

ಲ್ಯಾಬ್‌ಗಳಿಗೆ ಹಸಿವು ಜಾಸ್ತಿ ಇರುವುದಕ್ಕೂ ಕಾರಣ ಸಿಕ್ಕಿದೆ. ಪಿಒಎಂಸಿ ಅನ್ನುವ ಜೀನ್‌ನಲ್ಲಿ ಒಂದು ತುಣುಕು ಬಿಟ್ಟುಹೋಗಿರುತ್ತದೆ. ಕೇಂಬ್ರಿಡ್ಜ್‌ನ ಸಂಶೋಧಕರು 2016ರಲ್ಲಿ ತಿಳಿಸಿದ ಪ್ರಕಾರ ಸುಮಾರು ಕಾಲುಭಾಗದಷ್ಟು ಲ್ಯಾಬ್‌ಗಳಲ್ಲಿ ಇದು ಇದೆ. ಅಂಥ ನಾಯಿಗೆ ಹೊಟ್ಟೆ ತುಂಬಿದ ಸೂಚನೆ ಸರಿಯಾಗಿ ಸಿಗುವುದಿಲ್ಲ. ಅದು ಕೇಳುತ್ತದೆ ಅಂತ ಹಾಕುತ್ತಾ ಹೋದರೆ ತಪ್ಪು ನಮ್ಮದು.

ಚಾಕೊಲೇಟ್‌ಮನೆ

ಬಣ್ಣ ಟೈಪ್‌ಗೆ ಸೇರುತ್ತದಾ? ನಮ್ಮದು ಚಾಕೊಲೇಟ್. ‘ಕಪ್ಪಿನಲ್ಲಿ ಇರುವಷ್ಟು ಟೈಪ್ ಚಾಕೊಲೇಟ್‌ನಲ್ಲಿ ಇರಲ್ಲ’ ಅಂತ ಒಬ್ಬರು ಹೇಳಿದರು.

ಹಳೆಯಲ್ಯಾಬ್

ಕಪ್ಪು, ಹಳದಿ, ಚಾಕೊಲೇಟ್ ಮೂರೂ ಸ್ಟಾಂಡರ್ಡ್ ಒಳಗಿವೆ, ಮೂರಕ್ಕೂ ಸಮಾನ ಜಾಗ. ದಾಖಲೆಯಲ್ಲಿರುವ ಮೊದಲ ಹಳದಿ ಲ್ಯಾಬ್ ಬೆನ್ ಆಫ್ ಹೈಡ್ ಹುಟ್ಟಿದ್ದು 1899ರಲ್ಲಿ, ಕಪ್ಪು ತಂದೆ ತಾಯಿಗೆ. ಒಂದೇ ಸೂಲಿನಲ್ಲಿ ಮೂರೂ ಬಣ್ಣ ಬರಬಹುದು. ಬಣ್ಣದಿಂದ ಟೈಪ್ ಹೋಗುವುದಿಲ್ಲ. ಬಣ್ಣವೊಂದನ್ನೇ ನೋಡಿ ಮೇಟಿಂಗ್ ಮಾಡಿಸಿದರೆ ಹೋಗುತ್ತದೆ. ಚಾಕೊಲೇಟ್‌ಗೆ ಚಾಕೊಲೇಟ್, ಮತ್ತೆ ಚಾಕೊಲೇಟ್‌ಗೆ ಚಾಕೊಲೇಟ್ ಅಂತ ಹೋದಾಗ ಆರಿಸಲು ನಾಯಿಗಳು ಕಮ್ಮಿ ಸಿಗುತ್ತವೆ. ಆಗ ತಲೆ, ಕೋಟ್, ಬಾಲ ಎಲ್ಲ ಹಿಂದೆ ಬೀಳುತ್ತವೆ. ಇವತ್ತು ‘ಸಿಲ್ವರ್’ ಅಂತ ಮಾರುವವರ ಕಥೆಯೂ ಇದೇ. ಸಿಲ್ವರ್ ಸ್ಟಾಂಡರ್ಡ್‌ನಲ್ಲಿ ಇಲ್ಲದ ಬಣ್ಣ. ಅದರ ಬೆನ್ನು ಹತ್ತಿದವರು ಬಾಲ ಹಿಡಿದು ನೋಡಿದ್ದನ್ನು ನಾನಂತೂ ಕಂಡಿಲ್ಲ.

ಕಪ್ಪುಮೂಗು

ಅಕ್ಕ, ಸರ್, ಎಲ್ಲ ಓದಿದೆ. ಇವತ್ತು ಬೆಳಗ್ಗೆ ಟೇಪ್ ತೆಗೆದುಕೊಂಡು ಕೂತೆ. ಹೆಗಲ ಎತ್ತರ 56 ಸೆಂ.ಮೀ. ಮೊಣಕೈಯಿಂದ ನೆಲಕ್ಕೆ 28. ತೂಕ 27 ಕೆ.ಜಿ. ಪಕ್ಕೆಲುಬು ಕೈಗೆ ಸಿಗುತ್ತವೆ. ಸಂಜೆ ನೆರಳು ನೋಡಿದೆ. ಆಕಾರ ಚೆನ್ನಾಗಿದೆ ಅನ್ನಿಸಿತು, ಬಾಲ ಮಾತ್ರ ಸಪೂರ. ಕೂದಲಿನೊಳಗೆ ಬೆರಳು ಹಾಕಿದರೆ ನೇರ ಚರ್ಮಕ್ಕೇ ತಾಗಿತು. ತಲೆಯ ಹತ್ತಿರ ಕೂತು ಪಕ್ಕದಿಂದ ನೋಡಿದೆ. ಹಣೆಯ ಇಳಿತ ಕಡಿಮೆ. ಮೂತಿ ತುದಿಗೆ ಹೋಗುತ್ತಾ ಸಣ್ಣ ಆಗುತ್ತದೆ. ಕಿವಿ ಸ್ವಲ್ಪ ದೊಡ್ಡದೇ. ಇಷ್ಟು ದಿನ ಈ ಮುಖ ನೋಡಿದ್ದೇನೆ, ಇದೆಲ್ಲ ಕಂಡಿರಲಿಲ್ಲ. ಜಡ್ಜ್ ಹೇಳಿದ್ದು ಸರಿ ಇತ್ತು.

ಹಳೆಯಲ್ಯಾಬ್

ತಡೀರಿ. ಅವಳು ಕೊನೆಯ ಸಲ ಹೀಟ್‌ಗೆ ಬಂದದ್ದು ಯಾವಾಗ?

ಕಪ್ಪುಮೂಗು

ಮೂರೂವರೆ ತಿಂಗಳಾಯಿತು.

ಹಳೆಯಲ್ಯಾಬ್

ನಾನೂ ಅದನ್ನೇ ಅಂದುಕೊಂಡೆ. ಹೆಣ್ಣು ಲ್ಯಾಬ್‌ಗಳು ಹೀಟ್ ಆಗಿ ಮೂರ್ನಾಲ್ಕು ತಿಂಗಳಿಗೆ ಒಳಗೂದಲನ್ನು ರಾಶಿ ರಾಶಿ ಉದುರಿಸುತ್ತವೆ. ಹಾರ್ಮೋನಿನ ಏರಿಳಿತ. ಮರಿ ಹಾಕಿದ ಮೇಲಂತೂ ಇನ್ನೂ ಜಾಸ್ತಿ. ಆ ಹೊತ್ತಿನಲ್ಲಿ ಮೈ ಬೋಳಾಗಿ ಕಾಣುತ್ತದೆ, ಬಾಲ ಕೂಡ ಅರ್ಧ ಆದ ಹಾಗೆ ಕಾಣುತ್ತದೆ. ಬಾಲದ ದಪ್ಪದಲ್ಲಿ ಕೂದಲಿನ ಪಾಲು ಎಷ್ಟು ಅನ್ನುವುದು ಉದುರಿದ ಮೇಲೆಯೇ ಗೊತ್ತಾಗುವುದು. ಆ ದಿನ ಜಡ್ಜ್ ಕೈಗೆ ಸಿಕ್ಕಿದ್ದು ಕೋಟ್ ಇಲ್ಲದ ನಾಯಿ. ಅವರು ಕೈಗೆ ಸಿಕ್ಕಿದ್ದನ್ನೇ ಬರೆಯಬೇಕು, ಬರೆದಿದ್ದಾರೆ. ಅವರ ತಪ್ಪು ಇಲ್ಲ. ಶೋಗೆ ಯಾವ ತಿಂಗಳು ಕರೆದುಕೊಂಡು ಹೋಗಬೇಕು ಅನ್ನುವುದನ್ನು ನಾವು ನೋಡಿಕೊಳ್ಳಬೇಕು.

ಹೀಗಾಗಿ ಎರಡನ್ನು ಬಿಡಿಸಿ ನೋಡಿ. ಕೋಟ್ ವಾಪಸ್ ಬರುತ್ತದೆ. ಮೂತಿ, ಸ್ಟಾಪ್, ಕಿವಿ ಬದಲಾಗುವುದಿಲ್ಲ. ಅವೇ ಅವಳ ನಿಜವಾದ ಕೊರತೆ. ಇನ್ನು ಬಾಲದ ಬುಡದ ಎಲುಬು ದಪ್ಪ ಇದೆಯಾ ಅನ್ನುವುದನ್ನು ಕೋಟ್ ಬಂದಮೇಲೆ ನೋಡೋಣ.

ಮೇಟಿಂಗ್ ಬಗ್ಗೆ ಕೇಳಿದ್ದೀರಿ. ನನ್ನದೇ ಅನುಭವ ಹೇಳುತ್ತೇನೆ. ಬಹಳ ವರ್ಷದ ಹಿಂದೆ ನನ್ನ ಹತ್ತಿರ ಒಂದು ಕಪ್ಪು ಹೆಣ್ಣು ಇತ್ತು. ಕೋಟ್, ಬಾಲ, ಸ್ವಭಾವ ಎಲ್ಲ ಬಂಗಾರ. ತಲೆ ಮಾತ್ರ ಸಾಧಾರಣ. ತಲೆ ಸರಿ ಮಾಡಬೇಕು ಅಂತ ಆ ಕಾಲಕ್ಕೆ ತಲೆಗೆ ಹೆಸರಾದ ಒಂದು ಗಂಡಿನ ಹತ್ತಿರ ಕರೆದುಕೊಂಡು ಹೋದೆ. ತಲೆ ಅಂದರೆ ಅಂಥ ತಲೆ! ಅದರ ಬಾಲ ನಾನು ನೋಡಲೇ ಇಲ್ಲ. ಮರಿಗಳು ಬಂದವು. ಎರಡರ ನಡುವಿನ ತಲೆ ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಕೆಲವು ತಾಯಿಯ ಹಾಗೆ, ಕೆಲವು ತಂದೆಗಿಂತಲೂ ಭಾರ. ಭಾರ ತಲೆಯ ಒಂದು ಹೆಣ್ಣು ಮರಿ ಇಟ್ಟುಕೊಂಡೆ. ಅದಕ್ಕೂ ತಲೆ ನೋಡಿಯೇ ಗಂಡು ಹುಡುಕಿದೆ. ಮೂರನೇ ತಲೆಮಾರಿಗೆ ನನ್ನ ಮನೆಯಲ್ಲಿ ಒಂದೂ ನೀರುನಾಯಿ ಬಾಲ ಉಳಿದಿರಲಿಲ್ಲ. ಅಜ್ಜಿಯ ಬಾಲ ಮತ್ತೆ ಕಾಣಲು ಎಂಟು ವರ್ಷ ಹಿಡಿಯಿತು. ಅದೂ ಅವಳ ತಂಗಿಯ ಮೊಮ್ಮಗನನ್ನು ಹುಡುಕಿಕೊಂಡು ಹೋಗಿ ತಂದಮೇಲೆ.

ಅವತ್ತಿನಿಂದ ಗಂಡು ಹುಡುಕುವಾಗ ನನ್ನ ಹೆಣ್ಣಿನಲ್ಲಿ ಏನು ಇಲ್ಲ ಅಂತ ಮೊದಲು ನೋಡುವುದಿಲ್ಲ. ಏನು ಇದೆ, ಅದನ್ನು ಕಳೆದುಕೊಳ್ಳಬಾರದು ಅಂತ ನೋಡುತ್ತೇನೆ. ಮಲ್ಲಿಗೆ ಅಳತೆ ಸರಿ ಇದೆ, ನಡಿಗೆ ಇದೆ, ಸ್ವಭಾವ ಇದೆ. ಇವು ಮೂರೂ ಇರುವ ಗಂಡೇ ಬೇಕು. ಅದರ ಮೇಲೆ ಒಳ್ಳೆಯ ಮೂತಿ, ಅಚ್ಚುಕಟ್ಟಾದ ಕಿವಿ. ತೀರಾ ದೊಡ್ಡ ತಲೆ ಬೇಡ. ಚೂಪು ಮೂತಿಗೆ ಅತಿ ಭಾರ ಮೂತಿ ಮದ್ದಲ್ಲ. ಸರಿಯಾದ ಮೂತಿಯೇ ಬೇಕು.

ಆಮೇಲೆ ಗಂಡನ್ನು ಮಾತ್ರ ನೋಡಿ ಬರಬೇಡಿ. ಅದರ ತಾಯಿಯನ್ನು ನೋಡಿ. ಒಂದೇ ಸೂಲಿನ ಅಣ್ಣ ತಂಗಿಯರನ್ನು ನೋಡಿ. ಒಂದು ಚೆಂದದ ನಾಯಿ ಎಲ್ಲಾದರೂ ಹುಟ್ಟಬಹುದು. ಒಡಹುಟ್ಟಿದವರೆಲ್ಲ ಒಂದೇ ಅಚ್ಚಿನಲ್ಲಿ ಹೊಯ್ದ ಹಾಗೆ ಇದ್ದರೆ ಆ ಟೈಪ್ ರಕ್ತದಲ್ಲಿದೆ ಅಂತ ಅರ್ಥ. ಅಂಥ ಗಂಡು ಮರಿಗಳಿಗೂ ಅದನ್ನು ಕೊಡುತ್ತದೆ.

ವೆಟ್‌ಕಣ್ಣು

ಅಕ್ಕನ ಮಾತಿಗೆ ನನ್ನದೊಂದು ಸೇರ್ಪಡೆ. ಮೇಟಿಂಗ್‌ಗೆ ಮೊದಲು ಹಿಪ್ (ಸೊಂಟದ ಕೀಲು) ಮತ್ತು ಎಲ್ಬೋ (ಮೊಣಕೈ ಕೀಲು) ಎಕ್ಸ್‌ರೇ ಆಗಲಿ. ಬ್ರಿಟನ್ನಿನ ಕ್ರಮದಲ್ಲಿ ಹಿಪ್ ಸ್ಕೋರ್ 0ಯಿಂದ 106ರವರೆಗೆ, ಕಡಿಮೆ ಇದ್ದಷ್ಟೂ ಒಳ್ಳೆಯದು. ಎಲ್ಬೋ 0 ಇರಲಿ. ನಡಿಗೆ ಚೆನ್ನಾಗಿದೆ ಅಂದಮಾತ್ರಕ್ಕೆ ಹಿಪ್ ಚೆನ್ನಾಗಿದೆ ಅಂತ ಅಲ್ಲ. ನಿಧಾನಕ್ಕೆ ಕುರುಡು ತರುವ ಕಣ್ಣಿನ ಕಾಯಿಲೆ ಪಿಆರ್‌ಎ, ಓಡುವಾಗ ಕುಸಿಯುವ ಕಾಯಿಲೆ ಇಐಸಿ, ಇವೆರಡಕ್ಕೂ ಡಿಎನ್‌ಎ ಪರೀಕ್ಷೆ ಇದೆ. ಇಐಸಿ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಮರಿಗೆ ಕಾಯಿಲೆ. ಒಂದು ನಾಯಿ ವಾಹಕ (ದೋಷದ ಒಂದೇ ಪ್ರತಿ ಇದ್ದು ತನಗೆ ಕಾಯಿಲೆ ಇಲ್ಲದ್ದು) ಆಗಿದ್ದರೆ, ಇನ್ನೊಂದು ಪೂರ್ತಿ ಮುಕ್ತ ಆಗಿದ್ದರೆ ಕಾಯಿಲೆಯ ಮರಿ ಹುಟ್ಟುವುದಿಲ್ಲ. ಹಾಗಾಗಿ ವಾಹಕ ಅನ್ನುವ ಒಂದೇ ಕಾರಣಕ್ಕೆ ಒಳ್ಳೆಯ ಟೈಪ್ ಇರುವ ನಾಯಿಯನ್ನು ಬಿಡಬೇಕಿಲ್ಲ.

ಮತ್ತೆ ಟೈಪ್ ಉಳಿಸಬೇಕು ಅಂತ ತೀರಾ ಹತ್ತಿರದ ರಕ್ತಕ್ಕೆ ಹೋಗಬೇಡಿ. ಎಲ್ಲರೂ ಒಂದೇ ಗಂಡಿನ ಹಿಂದೆ ಬಿದ್ದರೆ ಅದರ ಒಳ್ಳೆಯದರ ಜೊತೆ ಬಚ್ಚಿಟ್ಟುಕೊಂಡ ಕಾಯಿಲೆಯೂ ಹರಡುತ್ತದೆ.

ನೀರಾಟ

ಕಪ್ಪುಮೂಗು, ಗಂಡು ನೋಡಲು ಹೋದಾಗ ಒಂದು ಡಮ್ಮಿ (ಹಕ್ಕಿಯ ಬದಲು ಎಸೆಯುವ ವಸ್ತು) ತೆಗೆದುಕೊಂಡು ಹೋಗಿ. ಎಸೆದು ನೋಡಿ. ಮೆತ್ತಗೆ ಹಿಡಿದು ತಂದು ಕೈಗೆ ಕೊಡುತ್ತದಾ ನೋಡಿ. ಫೋಟೋದಲ್ಲಿ ಅದು ಕಾಣುವುದಿಲ್ಲ.

ಕಪ್ಪುಮೂಗು

ಏಳು ವಾರ ಆಯಿತು, ಅಪ್‌ಡೇಟ್ ಕೊಡುತ್ತಿದ್ದೇನೆ.

ಮಲ್ಲಿಯ ಕೋಟ್ ವಾಪಸ್ ಬಂದಿದೆ. ಮೊದಲು ತೊಡೆಯ ಹಿಂದೆ, ಆಮೇಲೆ ಕುತ್ತಿಗೆಯ ಸುತ್ತ, ಬಾಲದ ಮೇಲೆ ಎಲ್ಲಕ್ಕಿಂತ ಕೊನೆಗೆ ಬಂತು. ನಿನ್ನೆ ಸ್ನಾನ ಮಾಡಿಸುವಾಗ ಬೆನ್ನ ಮೇಲೆ ನೀರು ಸುರಿದೆ. ಮೊದಲ ಚೊಂಬಿನ ನೀರು ಹನಿಹನಿಯಾಗಿ ಉರುಳಿ ಕೆಳಗೆ ಹೋಯಿತು. ಮೂರನೇ ಚೊಂಬು ಆದಮೇಲೆ ಬೆರಳಿನಿಂದ ಬಿಡಿಸಿ ನೋಡಿದರೆ ಚರ್ಮ ಇನ್ನೂ ಒಣಗೇ ಇತ್ತು! ಬಾಲದ ಬುಡ ಮುಷ್ಟಿಯಲ್ಲಿ ಹಿಡಿದೆ. ಪೂರ್ತಿ ತುಂಬಲಿಲ್ಲ, ಆದರೆ ಅವತ್ತಿನ ಹಾಗಿಲ್ಲ.

ಹಿಪ್ ಸ್ಕೋರ್ ಒಟ್ಟು 9 ಬಂದಿದೆ. ಎಲ್ಬೋ 0. ಪಿಆರ್‌ಎ ಇಲ್ಲ. ಇಐಸಿ ವಾಹಕ.

ಮೂರು ಗಂಡು ನೋಡಿ ಬಂದೆ. ಮೊದಲನೆಯದಕ್ಕೆ ಗೋಡೆ ತುಂಬಾ ಪದಕ. ಹತ್ತು ನಿಮಿಷ ಆಡಿಸಿದ್ದಕ್ಕೆ ಮಲಗಿಬಿಟ್ಟಿತು, ಪಕ್ಕೆ ಹುಡುಕಿದರೂ ಸಿಗಲಿಲ್ಲ. ಎರಡನೆಯದರ ತಾಯಿಯನ್ನು ತೋರಿಸಲು ಅವರು ಒಪ್ಪಲಿಲ್ಲ, ವಾಪಸ್ ಬಂದೆ. ಮೂರನೆಯದು ಕಪ್ಪು, ಐದು ವರ್ಷ, 57 ಸೆಂ.ಮೀ. ಅದರ ತಾಯಿಗೆ ಹನ್ನೊಂದು ವರ್ಷ. ಬಾಗಿಲಿಗೆ ಬಂದು ನನ್ನ ಚಪ್ಪಲಿಯೊಂದನ್ನು ಬಾಯಲ್ಲಿ ಹಿಡಿದುಕೊಂಡು ಬಾಲ ಅಲ್ಲಾಡಿಸುತ್ತಾ ಒಳಗೆ ಕರೆದುಕೊಂಡು ಹೋಯಿತು. ಆ ವಯಸ್ಸಿನಲ್ಲೂ ಬಾಲದ ಬುಡ ನನ್ನ ಮಣಿಕಟ್ಟಿನಷ್ಟು ದಪ್ಪ. ಅಲ್ಲೇ ಇದ್ದ ಒಂದೇ ಸೂಲಿನ ತಂಗಿಯನ್ನೂ ನೋಡಿದೆ. ಅದೇ ಕಿವಿ, ಅದೇ ಮೂತಿ. ಇಐಸಿ ಮುಕ್ತ ಅನ್ನುವ ರಿಪೋರ್ಟ್ ತೋರಿಸಿದರು. ಚಪ್ಪಲಿ ವಾಪಸ್ ಕೊಟ್ಟಾಗ ಒಂದು ಹಲ್ಲಿನ ಗುರುತೂ ಇರಲಿಲ್ಲ.

ಅಕ್ಕ, ತಲೆ ಮಾತ್ರ ಅಂಥ ದೊಡ್ಡದೇನಲ್ಲ. ಪರವಾಗಿಲ್ವಾ?

ಹಳೆಯಲ್ಯಾಬ್

ಆ ತಾಯಿಯ ಬಾಲದ ಒಂದು ಫೋಟೋ ಹಾಕಿ, ನಾನೂ ನೋಡಬೇಕು. ಗಂಡು ಅದೇ ಇರಲಿ. ಹೀಟ್ ಶುರುವಾದ ದಿನ ಬರೆದಿಡಿ. ಮರಿಗಳಿಗೆ ಎಂಟು ವಾರ ಆದಾಗ ಎಲ್ಲವನ್ನೂ ಅಡ್ಡಲಾಗಿ ನಿಲ್ಲಿಸಿ ಫೋಟೋ ತೆಗೆದು ಇಲ್ಲೇ ಹಾಕಿ, ಒಟ್ಟಿಗೆ ಕೂತು ನೋಡೋಣ.